ಒಂದು ಕುದುರೆ, ಎರಡು ಚೀಟಿ

ಪರಿಚಯದ ಕುದುರೆ ಸಾಕಣೆದಾರರೊಬ್ಬರು ಒಂದು ಭಾನುವಾರ ಬೆಳಿಗ್ಗೆ ಎರಡು ಚೀಟಿ ಹಿಡಿದುಕೊಂಡು ಮನೆಗೆ ಬಂದರು. ಎರಡೂ ಒಂದೇ ಹೆಣ್ಣುಕುದುರೆಯ ರಕ್ತಪರೀಕ್ಷೆಯ ವರದಿ. ಕುದುರೆ ಹೊರದೇಶದಿಂದ ಬಂದದ್ದು. ಒಂದು ಚೀಟಿ ಅಲ್ಲಿಯದು, ಇನ್ನೊಂದು ಇಲ್ಲಿಗೆ ಬಂದ ಮೇಲೆ ಮಾಡಿಸಿದ್ದು. ಕಾಫಿ ಲೋಟ ಪಕ್ಕಕ್ಕಿಟ್ಟು, ಎರಡನ್ನೂ ಮೇಜಿನ ಮೇಲೆ ಜೋಡಿಸಿ ಕೇಳಿದರು:

"ಡಾಕ್ಟ್ರೇ, ಅಲ್ಲಿ ನೋಡಿದಾಗ 148 ಇತ್ತಂತೆ. ಇಲ್ಲಿ 64 ಅಂತ ಕೊಟ್ಟಿದ್ದಾರೆ. ಎರಡು ತಿಂಗಳಿಗೆ ಅರ್ಧಕ್ಕಿಂತ ಕೆಳಗೆ ಇಳಿದುಹೋಯ್ತಾ? ಫ್ಲೂ ಲಸಿಕೆ ಮತ್ತೆ ಹಾಕಿಸ್ಬೇಕಾ?"

ಇಳಿದಿದೆಯೋ ಏರಿದೆಯೋ, ಆ ಎರಡು ಚೀಟಿ ನೋಡಿ ಬ್ರಹ್ಮನಿಂದಲೂ ಹೇಳಲಾಗುತ್ತಿರಲಿಲ್ಲ. 148 ಎಂಬುದು ಚದರ ಮಿಲಿಮೀಟರ್. 64 ಎಂಬುದು ರಕ್ತಸಾರವನ್ನು ಎಷ್ಟು ಪಟ್ಟು ತೆಳ್ಳಗೆ ಮಾಡಿದ ಮೇಲೂ ಅದು ಕೆಲಸ ಮಾಡಿತು ಎಂಬ ಲೆಕ್ಕ. ಒಬ್ಬ ರಾಗಿಯನ್ನು ಸೇರಿನಲ್ಲಿ ಅಳೆದ, ಇನ್ನೊಬ್ಬ ತಕ್ಕಡಿಯಲ್ಲಿ ತೂಗಿದ, ಇವರು ಸೇರಿನಿಂದ ಕಿಲೋ ಕಳೆಯುತ್ತ ಕೂತಿದ್ದಾರೆ. ಅವರದೇನೂ ತಪ್ಪಿಲ್ಲ. ಚೀಟಿಯಲ್ಲಿ ಅಂಕಿ ದಪ್ಪಕ್ಷರದಲ್ಲಿತ್ತು, ಪರೀಕ್ಷೆಯ ಹೆಸರು ಮೂಲೆಯಲ್ಲಿ ಇರುವೆ ಸಾಲಿನಂತೆ ಇತ್ತು.

ಕುದುರೆ ಫ್ಲೂವಿನಲ್ಲಿ ಮೈಸೂರಿನ ಹೆಸರು ಹೊತ್ತ ಒಂದು ವೈರಸ್ ಇದೆ ಎಂಬುದು ಮೈಸೂರಿನವರಿಗೇ ಹೆಚ್ಚಾಗಿ ಗೊತ್ತಿಲ್ಲ. 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ, ವೈಷ್ಣೋದೇವಿಗೆ ಹೋಗುವ ಭಕ್ತರನ್ನು ಹೊತ್ತು ಬೆಟ್ಟ ಹತ್ತುವ ಕುದುರೆ ಮತ್ತು ಹೇಸರಗತ್ತೆಗಳ ನಡುವೆ ಕೆಮ್ಮು, ಜ್ವರ ಕಾಣಿಸಿಕೊಂಡಿತು. ಅಲ್ಲಿಂದ ಹೊರಟ ರೋಗ ಊರಿಂದೂರಿಗೆ ಹಬ್ಬಿ ಚಾಮುಂಡಿಬೆಟ್ಟದ ತಪ್ಪಲಿಗೂ ಬಂತು. ಇಲ್ಲಿಯ ಮಾದರಿಯಿಂದ ಬೇರ್ಪಡಿಸಿದ ವೈರಸ್‌ಗೆ ವಿಜ್ಞಾನಿಗಳು ವಾಡಿಕೆಯಂತೆ ಊರು, ಇಸವಿ ಸೇರಿಸಿ ಎ/ಎಕ್ವೈನ್/ಮೈಸೂರು/12/08 ಎಂದು ಹೆಸರಿಟ್ಟರು. ಕಟ್ರಾದ್ದು ಜಮ್ಮು-ಕಟ್ರಾ/06/08. ವಂಶಾವಳಿ ನೋಡಿದರೆ ಎರಡೂ ಫ್ಲಾರಿಡಾ ವಂಶದ ಎರಡನೆಯ ಕವಲಿನವು. ಅದಕ್ಕೂ ಮೊದಲು 1987ರಲ್ಲಿ ದೇಶದಲ್ಲಿ ಇದೇ ರೋಗ ದೊಡ್ಡದಾಗಿ ಬಂದಿತ್ತು. ಆಗಿನ ವೈರಸ್‌ಗೆ ಲುಧಿಯಾನದ ಹೆಸರು. ಮೈಸೂರುಪಾಕು, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಇದ್ದ ಹಾಗೆ ಮೈಸೂರು ಫ್ಲೂ ಕೂಡ ಪಟ್ಟಿಗೆ ಸೇರಿತು. ಇದಕ್ಕೆ ಮಾತ್ರ ಯಾರೂ ಭೌಗೋಳಿಕ ಮಾನ್ಯತೆ ಕೇಳಿಲ್ಲ.

ಕುದುರೆಯ ಫ್ಲೂ ನಮ್ಮ ಫ್ಲೂವಿನ ದಾಯಾದಿ. ಎರಡು ಬಗೆಯದು ಕಂಡಿದೆ. 1956ರಲ್ಲಿ ಪ್ರಾಗ್‌ನಲ್ಲಿ ಸಿಕ್ಕಿದ್ದು ಎಚ್7ಎನ್7. 1963ರಲ್ಲಿ ಅಮೆರಿಕದ ಮಯಾಮಿಯಲ್ಲಿ ಸಿಕ್ಕಿದ್ದು ಎಚ್3ಎನ್8. ಮೊದಲನೆಯದು 1980ರ ಆಸುಪಾಸಿನಿಂದ ಯಾರ ಕೈಗೂ ಸಿಕ್ಕಿಲ್ಲ. ಈಗ ಲಾಯಗಳಲ್ಲಿ ತಿರುಗಾಡುತ್ತಿರುವುದು ಎರಡನೆಯದೇ. ಸೋಂಕು ತಗುಲಿ ಒಂದೆರಡು ದಿನಕ್ಕೆ ಮೈ ಕಾವೇರುತ್ತದೆ, ಒಣ ಕೆಮ್ಮು ಶುರುವಾಗುತ್ತದೆ, ಮೂಗಿನಲ್ಲಿ ಸಿಂಬಳ, ಹುರುಳಿ ಮುಂದಿಟ್ಟರೂ ಮೂತಿ ತಿರುಗಿಸುವುದು. ಬಲಿತ ಕುದುರೆ ಸಾಯುವುದು ಅಪರೂಪ. ಆದರೆ ಒಂದು ಕೆಮ್ಮಿತೆಂದರೆ ಎರಡು ದಿನದಲ್ಲಿ ಸಾಲುಸಾಲು ಕೆಮ್ಮುತ್ತವೆ. ಹಿಂದೆ ಊರಿನ ಗಾಡಿಯೆಲ್ಲ ಕುದುರೆಯೇ ಎಳೆಯುತ್ತಿದ್ದ ಕಾಲದಲ್ಲಿ ಇದರ ಅರ್ಥ ಏನಿತ್ತು ಎಂಬುದಕ್ಕೆ 1872 ಸಾಕ್ಷಿ. ಆ ಶರತ್ಕಾಲದಲ್ಲಿ ಕೆನಡಾದ ಟೊರಾಂಟೊ ಕಡೆ ಶುರುವಾದ ಪಿಡುಗು ಅಮೆರಿಕವನ್ನೆಲ್ಲ ಸುತ್ತಿತು. ನವೆಂಬರ್ 9ರ ರಾತ್ರಿ ಬಾಸ್ಟನ್ ನಗರಕ್ಕೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದ ಕುದುರೆಗಳು ಲಾಯದಲ್ಲಿ ಕೆಮ್ಮುತ್ತ ನಿಂತಿದ್ದವು. ಪಂಪುಗಳನ್ನು ಜನರೇ ಹಗ್ಗ ಕಟ್ಟಿ ಎಳೆದರು.

ವೈರಸ್ ಮೂಗಿನಲ್ಲಿ ಇರುವುದು ಕೆಲವೇ ದಿನ. ಸೈಸ್ ಗಮನಿಸಿ, ಮಾಲೀಕರಿಗೆ ಹೇಳಿ, ಅವರು ವೈದ್ಯರಿಗೆ ಫೋನು ಮಾಡುವಷ್ಟರಲ್ಲಿ ಅದು ಪಕ್ಕದ ಕುದುರೆಗೆ ದಾಟಿರುತ್ತದೆ. ಆದರೆ ಬಂದು ಹೋದದ್ದರ ಗುರುತು ರಕ್ತದಲ್ಲಿ ಉಳಿಯುತ್ತದೆ, ಪ್ರತಿಕಾಯದ ರೂಪದಲ್ಲಿ. ಲಸಿಕೆ ಹಾಕಿದರೂ ಅದೇ ಪ್ರತಿಕಾಯ. ಈ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ದಾರಿಗಳಲ್ಲಿ ಮುಖ್ಯವಾದವು ನಾಲ್ಕು. ಕೇಳುವ ಪ್ರಶ್ನೆ ನಾಲ್ಕರದೂ ಬೇರೆ ಬೇರೆ. ನಮ್ಮ ಸಾಕಣೆದಾರರ ಪಾಡು ಹುಟ್ಟಿದ್ದು ಅಲ್ಲಿಂದಲೇ.

ಮೊದಲನೆಯದು ಎಚ್‌ಐ. ಹೀಮಾಗ್ಲುಟಿನೇಷನ್ ಇನ್‌ಹಿಬಿಷನ್ ಎಂಬ ಉದ್ದ ಹೆಸರನ್ನು ಪ್ರಯೋಗಾಲಯದಲ್ಲಿ ಯಾರೂ ಹೇಳುವುದಿಲ್ಲ. ಅದರ ಹುಟ್ಟಿನ ಕತೆ ಚೆನ್ನಾಗಿದೆ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾರ್ಜ್ ಹರ್ಸ್ಟ್ ಫ್ಲೂ ವೈರಸ್ ಬೆಳೆಸಿದ ಕೋಳಿಮೊಟ್ಟೆಗಳಿಂದ ದ್ರವ ತೆಗೆಯುತ್ತಿದ್ದರು. ಭ್ರೂಣದ ರಕ್ತನಾಳ ಹರಿದು ಒಂದಿಷ್ಟು ರಕ್ತ ದ್ರವಕ್ಕೆ ಬೆರೆಯಿತು. ಕೆಂಪು ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಬೇರೆಯವರಾಗಿದ್ದರೆ ಹಾಳಾಯಿತೆಂದು ಚೆಲ್ಲುತ್ತಿದ್ದರೋ ಏನೋ. ಅವರು ಚೆಲ್ಲಲಿಲ್ಲ. ವೈರಸ್ಸೇ ಕಣಗಳನ್ನು ಅಂಟಿಸುತ್ತಿದೆ, ಪ್ರತಿಕಾಯ ಇದ್ದರೆ ಆ ಅಂಟುವಿಕೆ ನಿಲ್ಲುತ್ತದೆ ಎಂದು ಕಂಡುಕೊಂಡರು. ಅದೇ ವರ್ಷ ಟೊರಾಂಟೊದಲ್ಲಿ ಮ್ಯಾಕ್ಲೆಲೆಂಡ್ ಮತ್ತು ಹೇರ್ ಎಂಬಿಬ್ಬರು ಇದನ್ನೇ ತಮ್ಮಷ್ಟಕ್ಕೆ ಕಂಡರು.

ನಮ್ಮಲ್ಲಿ ಪಶುವೈದ್ಯಕೀಯ ಓದಿದವರು ಈ ಪರೀಕ್ಷೆಯನ್ನು ಕೈಯಾರೆ ಕಲಿಯುವುದು ಸಾಮಾನ್ಯವಾಗಿ ಕುದುರೆಯ ಮೇಲಲ್ಲ, ಕೋಳಿಗಳ ರಾಣಿಖೇತ್ ರೋಗದ ಮೇಲೆ. ಪಾಠ ಒಂದೇ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಒಂದೊಂದೂ ಶೇಂಗಾಬೀಜ ಹಿಡಿಸುವಷ್ಟು ಗುಳಿ. ಮೊದಲ ಗುಳಿಯಲ್ಲಿ ರಕ್ತಸಾರ, ಅದರಿಂದ ಅರ್ಧ ಎತ್ತಿ ಎರಡನೆಯದಕ್ಕೆ, ಅಲ್ಲಿಂದ ಅರ್ಧ ಮೂರನೆಯದಕ್ಕೆ. 8, 16, 32, 64, 128 ಪಟ್ಟು ತೆಳುವಾಗುತ್ತ ಸಾಲು ಮುಂದೆ ಹೋಗುತ್ತದೆ. ಪ್ರತಿ ಗುಳಿಗೂ ಅಷ್ಟೇ ಅಳತೆಯ ವೈರಸ್. ಸ್ವಲ್ಪ ಹೊತ್ತು ಬಿಟ್ಟು ಕೋಳಿಯ ಕೆಂಪು ರಕ್ತಕಣ. ಆಮೇಲೆ ಮುಟ್ಟದೆ ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಪ್ರತಿಕಾಯ ವೈರಸ್ಸನ್ನು ಕಟ್ಟಿಹಾಕಿದ್ದರೆ ಕಣಗಳು ಜಾರಿ ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ಪ್ರತಿಕಾಯ ಸಾಲದಾಗಿದ್ದರೆ ವೈರಸ್ ಕಣಗಳನ್ನು ಬೆಸೆದು ಗುಳಿಯ ತುಂಬ ತೆಳುವಾದ ಜಾಲರಿ ಹರಡುತ್ತದೆ. ಅನುಮಾನ ಬಂದರೆ ತಟ್ಟೆಯನ್ನು ಓರೆ ಮಾಡಿ ನೋಡುವುದು. ನಿಜವಾದ ಬೊಟ್ಟು ಕಣ್ಣೀರಿನಂತೆ ಕೆಳಗೆ ಇಳಿಯುತ್ತದೆ. ಕೊನೆಯ ಬೊಟ್ಟು 64ರ ಗುಳಿಯಲ್ಲಿದ್ದರೆ ಚೀಟಿಯ ಮೇಲೆ 64.

ಕೇಳಲು ಸುಲಭ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಬೇಸಿಗೆ ಮಧ್ಯಾಹ್ನ ತಟ್ಟೆ ಜೋಡಿಸಿಟ್ಟು ಊಟಕ್ಕೆ ಹೋದೆ. ಬರುವುದು ತಡವಾಯಿತು. ಬಂದು ನೋಡಿದರೆ ಎಲ್ಲ ಗುಳಿಯಲ್ಲೂ ಬೊಟ್ಟು! ಊರಿನ ಕೋಳಿಗೆಲ್ಲ ಅಸಾಧ್ಯ ಪ್ರತಿಕಾಯ ಎಂದು ಖುಷಿಯಿಂದ ಬರೆದುಕೊಂಡೆ. ಹಿರಿಯರು ಬಂದು ಬರೀ ವೈರಸ್ ಮತ್ತು ಕಣ ಹಾಕಿದ್ದ ಗುಳಿಯ ಕಡೆ ಬೆರಳು ತೋರಿಸಿದರು. ರಕ್ತಸಾರವೇ ಇಲ್ಲದ ಅಲ್ಲೂ ಬೊಟ್ಟು ಕೂತಿತ್ತು. ವೈರಸ್ಸಿನ ಮೈಮೇಲೆ ಅಂಟಿಸುವ ಹೀಮಾಗ್ಲುಟಿನಿನ್ ಇರುವಂತೆ ಬಿಡಿಸುವ ನ್ಯೂರಮಿನಿಡೇಸ್ ಎಂಬ ಕಿಣ್ವವೂ ಇರುತ್ತದೆ. ಸೆಕೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಟ್ಟಿದ ಜಾಲರಿಯನ್ನು ಅದೇ ಬಿಚ್ಚಿಬಿಡುತ್ತದೆ. "ತಟ್ಟೆ ನಿನಗೋಸ್ಕರ ಕಾಯಲ್ಲಪ್ಪ" ಎಂದಷ್ಟೇ ಹೇಳಿ ಅವರು ಹೋದರು. ಇಡೀ ದಿನದ ಕೆಲಸ ತೊಟ್ಟಿಗೆ.

ಕೋಳಿಯ ರಕ್ತಸಾರ ಸಾಧು. ಕುದುರೆಯದು ಹಾಗಲ್ಲ. ಅದರಲ್ಲಿ ಪ್ರತಿಕಾಯ ಅಲ್ಲದೆಯೂ ಪ್ರತಿಕಾಯದ ವೇಷ ಹಾಕುವ ವಸ್ತುಗಳಿವೆ. ಆಲ್ಫಾ-2-ಮ್ಯಾಕ್ರೊಗ್ಲೋಬ್ಯುಲಿನ್ ಎಂಬ ದೊಡ್ಡ ಪ್ರೋಟೀನು ಇವುಗಳಲ್ಲಿ ಮುಖ್ಯವಾದದ್ದು. ವೈರಸ್ ಕೆಂಪು ಕಣಗಳನ್ನು ಹಿಡಿಯುವುದು ಅವುಗಳ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಹಿಡಿಕೆಯಿಂದ. ಅಂಥದೇ ಹಿಡಿಕೆ ಈ ಪ್ರೋಟೀನಿನ ಮೇಲೂ ತುಂಬಿದೆ. ವೈರಸ್ ಮೋಸಹೋಗಿ ಇದನ್ನೇ ತಬ್ಬಿಕೊಳ್ಳುತ್ತದೆ, ಕಣಗಳು ಬಿಡಿಯಾಗಿ ಉಳಿದು ಬೊಟ್ಟಾಗಿ ಕೂರುತ್ತವೆ. ಜನ್ಮದಲ್ಲಿ ಫ್ಲೂ ಕಾಣದ, ಲಸಿಕೆ ಕಾಣದ ಕುದುರೆಗೂ ಪ್ರತಿಕಾಯ ಇದೆಯೆಂದು ಚೀಟಿ ಬರುತ್ತದೆ. ಆದ್ದರಿಂದ ಕುದುರೆಯ ರಕ್ತಸಾರವನ್ನು ಮೊದಲು ತೊಳೆಯಬೇಕು. ಕೆಲವರು ಪೆರಿಯೊಡೇಟ್ ಎಂಬ ರಾಸಾಯನಿಕ ಹಾಕುತ್ತಾರೆ, ಕೆಲವರು ಕೆಯೊಲಿನ್ ಜೇಡಿ, ಇನ್ನು ಕೆಲವರು ಕಾಲರಾ ರೋಗಾಣುವಿನಿಂದ ತೆಗೆದ ಕಿಣ್ವ. ಕಾಲರಾ ರೋಗಾಣುವಿನಿಂದಲೂ ಒಂದು ಉಪಕಾರ ಆಗುತ್ತದೆ ನೋಡಿ. ಯಾವುದರಿಂದ ತೊಳೆದರು, ಎಷ್ಟು ಹೊತ್ತು ಎಂಬುದರ ಮೇಲೆ ಬರುವ ಅಂಕಿ ಬದಲಾಗುತ್ತದೆ.

ಇನ್ನೊಂದು ತೊಡಕು. ಎಚ್3ಎನ್8 ವೈರಸ್ಸನ್ನು ಇಡಿಯಾಗಿ ಬಳಸಿದರೆ ಈ ಪರೀಕ್ಷೆ ತುಸು ಮಂದ. ಇರುವ ಪ್ರತಿಕಾಯ ಕೆಲವೊಮ್ಮೆ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆಂದು ವೈರಸ್ಸನ್ನು ಟ್ವೀನ್-80 ಮತ್ತು ಈಥರ್‌ನಿಂದ ಒಡೆದು ಚೂರು ಮಾಡಿ ಬಳಸುವ ಪದ್ಧತಿ ಬಂತು. ಚೂರುಗಳನ್ನು ಹಿಡಿಯಲು ಸ್ವಲ್ಪವೇ ಪ್ರತಿಕಾಯ ಸಾಕು, ಅಂಕಿ ಮೇಲೇರುತ್ತದೆ. ಅದೇ ಕುದುರೆ, ಅದೇ ರಕ್ತ. ಇಡೀ ವೈರಸ್ ಬಳಸಿದ ಪ್ರಯೋಗಾಲಯ 16 ಎಂದು ಬರೆದುಕೊಟ್ಟರೆ ಈಥರ್ ಬಳಸಿದ್ದು 64 ಎಂದು ಬರೆಯಬಹುದು. ಎರಡೂ ಸುಳ್ಳಲ್ಲ. ಹಿಂದೆ ನಮ್ಮೂರ ಸೇರು ಬೇರೆ, ಸಂತೆಯೂರಿನ ಸೇರು ಬೇರೆ ಇರುತ್ತಿತ್ತಲ್ಲ, ಹಾಗೆ. ನಮ್ಮಜ್ಜಿ ಸಂತೆಗೆ ಹೊರಟರೆ ಮನೆಯ ಸೇರನ್ನು ಚೀಲದಲ್ಲಿ ಹಾಕಿಕೊಂಡೇ ಹೊರಡುತ್ತಿದ್ದಳು. ಸಂತೆಯವರು ನಗುತ್ತಿದ್ದರು, ಅಜ್ಜಿ ಕ್ಯಾರೇ ಅನ್ನುತ್ತಿರಲಿಲ್ಲ.

ಇನ್ನು ಆ 148ರ ಕತೆ. ಅದು ಎಸ್‌ಆರ್‌ಎಚ್, ಸಿಂಗಲ್ ರೇಡಿಯಲ್ ಹೀಮಾಲಿಸಿಸ್. ಫ್ಲೂ ಪ್ರತಿಕಾಯಕ್ಕೆ ಇದನ್ನು ಬ್ರಿಟನ್ನಿನ ಶೀಲ್ಡ್, ಪೆರೇರಾ ಮತ್ತಿತರರು 1975ರಲ್ಲಿ ರೂಢಿಗೆ ತಂದದ್ದು ಮನುಷ್ಯರಿಗಾಗಿ. ಕುದುರೆಯ ಲೋಕಕ್ಕೆ ಇದನ್ನು ಒಗ್ಗಿಸಿದವರು ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಜೆನ್ನಿ ಮಮ್‌ಫೋರ್ಡ್, ಅವರ ಜೊತೆ ಜಾನ್ ವುಡ್ ಮತ್ತು ಸಂಗಡಿಗರು. ಇಲ್ಲಿ ಗುಳಿಯ ತಟ್ಟೆ ಇಲ್ಲ, ಜೆಲ್ಲಿ ಇದೆ. ಕುರಿಯ ಕೆಂಪು ರಕ್ತಕಣಗಳನ್ನು ತೆಗೆದುಕೊಂಡು ಅವುಗಳ ಮೈಗೆ ಕ್ರೋಮಿಯಂ ಕ್ಲೋರೈಡ್‌ನಂಥ ರಾಸಾಯನಿಕದ ನೆರವಿನಿಂದ ವೈರಸ್ ಅಂಟಿಸುತ್ತಾರೆ. ಅದನ್ನು ಬೆಚ್ಚಗಿನ ಅಗರೋಸ್ ಜೆಲ್ಲಿಗೆ ಬೆರೆಸಿ, ಗಿನಿಪಿಗ್‌ನ ರಕ್ತದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಸೇರಿಸಿ ತೆಳ್ಳಗೆ ಎರೆಯುತ್ತಾರೆ. ಆರಿದಾಗ ದಾಸವಾಳದ ಬಣ್ಣದ ಹಾಳೆ. ಅದರಲ್ಲಿ ಪುಟ್ಟ ತೂತು ಕೊರೆದು, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಕುದುರೆಯ ರಕ್ತಸಾರವನ್ನು ಹತ್ತು ಮೈಕ್ರೊಲೀಟರ್‌ನಷ್ಟು ತುಂಬುತ್ತಾರೆ. ನೀರು ಬೆರೆಸುವ ಗೋಜಿಲ್ಲ. ವೇಷಧಾರಿ ಪ್ರೋಟೀನುಗಳ ಕಾಟವೂ ಇಲ್ಲ, ಏಕೆಂದರೆ ಇಲ್ಲಿ ವೈರಸ್ಸನ್ನು ತಬ್ಬಿದರಷ್ಟೇ ಸಾಲದು, ಕಾಂಪ್ಲಿಮೆಂಟನ್ನು ಕರೆದು ಕಣವನ್ನು ಒಡೆಸಬೇಕು. ಆ ಕೆಲಸ ನಿಜವಾದ ಪ್ರತಿಕಾಯಕ್ಕೆ ಮಾತ್ರ ಗೊತ್ತು.

ರಾತ್ರಿಯಿಡೀ ಪ್ರತಿಕಾಯ ತೂತಿನಿಂದ ಸುತ್ತಲೂ ಹರಡುತ್ತದೆ. ಹರಡಿದಷ್ಟು ದೂರ ಕಣಗಳು ಒಡೆಯುತ್ತವೆ. ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಕೆಂಪು ಹಾಳೆಯ ಮೇಲೆ ತಿಳಿ ವೃತ್ತಗಳು, ಮೊದಲ ಮಳೆಹನಿ ಬಿದ್ದ ಕೆಮ್ಮಣ್ಣಿನಂತೆ. ಹೆಚ್ಚು ಪ್ರತಿಕಾಯವಿದ್ದರೆ ದೊಡ್ಡ ವೃತ್ತ. ಅಡ್ಡಳತೆ ತೆಗೆದು, ವಿಸ್ತೀರ್ಣ ಲೆಕ್ಕ ಹಾಕಿ ಚದರ ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ.

ಇದರಿಂದ ಒಂದು ದೊಡ್ಡ ಅನುಕೂಲ. ಎಚ್‌ಐ ಅನ್ನುವುದು ಮೆಟ್ಟಿಲು. 32 ಆದ ಮೇಲೆ 64, ನಡುವೆ ಕಾಲಿಡಲು ಜಾಗವಿಲ್ಲ. ಒಂದು ಮೆಟ್ಟಿಲಿನ ವ್ಯತ್ಯಾಸವನ್ನು ಓದುವವರ ಕಣ್ಣಿನ ವ್ಯತ್ಯಾಸವೆಂದು ಬಿಟ್ಟುಬಿಡುವುದು ಪದ್ಧತಿ. ಹೊಸ ಸೋಂಕು ಎನ್ನಬೇಕಾದರೆ ಕನಿಷ್ಠ ನಾಲ್ಕು ಪಟ್ಟು, ಅಂದರೆ ಎರಡು ಮೆಟ್ಟಿಲು ಏರಬೇಕು. ಎಸ್‌ಆರ್‌ಎಚ್ ಇಳಿಜಾರಿನ ಹಾದಿ. ಎಲ್ಲಿ ಬೇಕಾದರೂ ನಿಲ್ಲಬಹುದು. ಅಲ್ಲಿ ಮೊದಲ ಅಳತೆಗಿಂತ 25 ಚದರ ಮಿಲಿಮೀಟರ್ ಅಥವಾ ಶೇ 50, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಏರಿದರೆ ಸಾಕು, ಇತ್ತೀಚೆಗೆ ಸೋಂಕಾಗಿದೆ ಎನ್ನುತ್ತಾರೆ. ಲಸಿಕೆ ಪಡೆದ ರೇಸ್ ಕುದುರೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಅದರ ಪ್ರತಿಕಾಯ ಮೊದಲೇ ಮೇಲಿರುತ್ತದೆ. 128ರಲ್ಲಿರುವ ಕುದುರೆ ಎಚ್‌ಐ ಕಣ್ಣಿಗೆ ಬೀಳಬೇಕಾದರೆ 512ಕ್ಕೆ ಹಾರಬೇಕು. ಹಗುರವಾದ ಸೋಂಕು ಅಷ್ಟು ಹಾರಿಸುವುದಿಲ್ಲ. ಅದೇ ಕುದುರೆಯ ವೃತ್ತ 110ರಿಂದ 140ಕ್ಕೆ ಹೋದದ್ದು ಎಸ್‌ಆರ್‌ಎಚ್‌ನಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಆದರೆ ವೃತ್ತ ಅಳೆಯುವ ಕೈ ನಡುಗಬಾರದು. ಶಾಲೆಯ ಗಣಿತವೇ ಸಾಕು ಇದನ್ನು ನೋಡಲು. 13 ಮಿ.ಮೀ. ಅಡ್ಡಳತೆಯ ವೃತ್ತದ ವಿಸ್ತೀರ್ಣ ಸುಮಾರು 133 ಚದರ ಮಿ.ಮೀ. 14 ಆದರೆ 154. ಒಂದೇ ಮಿಲಿಮೀಟರ್ ತಪ್ಪಿ ಓದಿದರೆ 21 ಚದರ ಮಿಲಿಮೀಟರ್ ಹೆಚ್ಚಾಗಿಬಿಟ್ಟಿತು. ಸೋಂಕು ಎಂದು ಷರಾ ಬರೆಯಲು ಬೇಕಾದ 25ಕ್ಕೆ ಇನ್ನು ನಾಲ್ಕೇ ಬಾಕಿ. ವೃತ್ತದ ಅಂಚು ಮಸುಕಾಗಿದ್ದ ದಿನ ಇಬ್ಬರು ಓದಿ ತಾಳೆ ನೋಡುವುದು ಒಳ್ಳೆಯದು.

ಸುಮಾರು 150 ಎಂಬ ಅಂಕಿಗೆ ಕುದುರೆ ವೈದ್ಯರಲ್ಲಿ ಒಂದು ಭಯಭಕ್ತಿ ಇದೆ. ಅದು ಬಂದದ್ದು ನ್ಯೂಮಾರ್ಕೆಟ್ ಬಳಗದ ಕೆಲಸದಿಂದ. 1983ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಪೋನಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಲಸಿಕೆ ಹಾಕಿ, ಆಮೇಲೆ ಬೇಕೆಂದೇ ವೈರಸ್ ಕೊಟ್ಟು, ಯಾವ ಅಳತೆಯವು ಕೆಮ್ಮಿದವು, ಯಾವುವು ಕೆಮ್ಮಲಿಲ್ಲ ಎಂದು ನೋಡಿದ್ದರು. ಮುಂದಿನ ವರ್ಷಗಳಲ್ಲಿ ಲಾಯಗಳಲ್ಲೇ ರೋಗ ಬಂದಾಗಿನ ಅನುಭವವೂ ಸೇರಿತು. ಲಸಿಕೆಯ ವೈರಸ್ಸಿಗೂ ಬಂದ ವೈರಸ್ಸಿಗೂ ಹೋಲಿಕೆ ಇದ್ದರೆ, 150 ದಾಟಿದ ಕುದುರೆಗೆ ಸೋಂಕೇ ತಗುಲದು ಎನ್ನುವಷ್ಟು ರಕ್ಷಣೆ. 85ರ ಆಸುಪಾಸಿನಲ್ಲಿದ್ದರೆ ರೋಗ ಹಗುರವಾಗುತ್ತದೆ, ಆದರೆ ಮೂಗಿನಿಂದ ವೈರಸ್ ಹೊರಬಿದ್ದು ಪಕ್ಕದ ಕುದುರೆಗೆ ಹೋಗುವುದು ನಿಲ್ಲುವುದಿಲ್ಲ. ಎಚ್‌ಐಗೆ ಇಂಥ ಎಲ್ಲರೂ ಒಪ್ಪುವ ಗೆರೆ ಹಾಕಲಾಗದೆ ಹೋದದ್ದಕ್ಕೆ ಕಾರಣ ಮೇಲೆ ಹೇಳಿದ ಸೇರಿನ ಕತೆಯೇ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಎಸ್‌ಆರ್‌ಎಚ್ ಅಂಕಿಗಳು ಹೆಚ್ಚು ಹೊಂದುತ್ತವೆ. ಅದರ ಮೇಲೆ, ಯೂರೋಪಿಯನ್ ಫಾರ್ಮಕೋಪಿಯಾ ಇದಕ್ಕಾಗಿ ಮಾದರಿ ಕುದುರೆ ರಕ್ತಸಾರಗಳನ್ನೇ ಸಿದ್ಧಮಾಡಿ ಇಟ್ಟಿದೆ. ಸರ್ಕಾರಿ ಮುದ್ರೆ ಒತ್ತಿದ ಸೇರು ಅನ್ನಿ. ಅದನ್ನೂ ಅದೇ ಜೆಲ್ಲಿಯಲ್ಲಿ ಹಾಕಿ, ಅದರ ವೃತ್ತ ಸರಿಯಾಗಿ ಬಂತೆಂದರೆ ಉಳಿದವನ್ನು ನಂಬಬಹುದು.

ಹೀಗಿರುವಾಗ ಎಲ್ಲರೂ ಎಸ್‌ಆರ್‌ಎಚ್ ಮಾಡಬಾರದೇಕೆ? ಒಮ್ಮೆ ಮಾಡಿ ನೋಡಬೇಕು. ತಾಜಾ ಕುರಿ ರಕ್ತ ಬೇಕು, ಒಳ್ಳೆಯ ಕಾಂಪ್ಲಿಮೆಂಟ್ ಬೇಕು, ಅದು ತಣ್ಣಗೇ ಇರಬೇಕು. ಮಧ್ಯಾಹ್ನ ಕರೆಂಟ್ ಹೋಗಿ ಫ್ರೀಜರ್ ಬೆಚ್ಚಗಾದರೆ ಕಾಂಪ್ಲಿಮೆಂಟ್ ಸತ್ತಂತೆ, ವೃತ್ತವೇ ಏಳದು. ಜೆಲ್ಲಿ ಎರೆಯುವಾಗ ಬಿಸಿ ಹೆಚ್ಚಾದರೆ ಕಣಗಳು ಅಲ್ಲೇ ಒಡೆಯುತ್ತವೆ, ಕಡಿಮೆಯಾದರೆ ಗಂಟು ಗಂಟು. ಗಂಜಿ ಕಾಸುವವರಿಗೆ ಈ ಕಷ್ಟ ಹೇಳದೆಯೂ ಅರ್ಥವಾಗುತ್ತದೆ. ಎಚ್‌ಐಗೆ ಒಂದು ಕೋಳಿ, ಒಂದು ಪಿಪೆಟ್, ಒಂದು ತಟ್ಟೆ ಸಾಕು. ಸಣ್ಣ ಪ್ರಯೋಗಾಲಯಗಳು ಅದನ್ನು ಬಿಡದಿರುವುದು ಆಲಸ್ಯದಿಂದಲ್ಲ. ಜೋಡಿ ಮಾದರಿಗಳನ್ನು ಒಂದೇ ತಟ್ಟೆಯಲ್ಲಿ ನೋಡುವ ಕೆಲಸಕ್ಕೆ ಅದು ಇವತ್ತಿಗೂ ಚೆನ್ನಾಗಿಯೇ ನಡೆಯುತ್ತದೆ.

ವೈರಸ್ ನ್ಯೂಟ್ರಲೈಸೇಷನ್ ಮೂರನೆಯದು. ಜೀವಂತ ವೈರಸ್ ಜೊತೆ ರಕ್ತಸಾರ ಬೆರೆಸಿ ಜೀವಕೋಶಗಳ ಮೇಲೆ ಬಿಡುವುದು, ಸೋಂಕು ತಡೆಯಿತೇ ಎಂದು ನೋಡುವುದು. ಕುದುರೆಯ ಫ್ಲೂಗೆ ಬಳಸುವ ಈ ಜೀವಕೋಶ 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಒಂದು ಕಾಕರ್ ಸ್ಪ್ಯಾನಿಯಲ್ ನಾಯಿಯ ಮೂತ್ರಪಿಂಡದಿಂದ ಬೆಳೆಸಿದ್ದು. ಆ ನಾಯಿ ಹೋಗಿ ದಶಕಗಳಾದರೂ ಅದರ ಜೀವಕೋಶ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಲೇ ಇದೆ. ಪ್ರತಿಕಾಯ ನಿಜವಾಗಿ ರಕ್ಷಿಸುತ್ತದೆಯೇ ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಇದರದು. ಆದರೆ ದಿನಗಟ್ಟಲೆ ಕಾಯಬೇಕು, ಜೀವಂತ ವೈರಸ್ ಇಟ್ಟುಕೊಳ್ಳುವ ಬಿಗಿ ವ್ಯವಸ್ಥೆ ಬೇಕು. ಸಂಶೋಧಕರಿಗೆ ಸರಿ, ನಾಳೆ ಕುದುರೆ ಸಾಗಿಸಬೇಕಾದವರಿಗೆ ಅಲ್ಲ.

ನಾಲ್ಕನೆಯ ಎಲೈಸಾ ಬೇರೆಯೇ ಜಾತಿ. ಮೇಲಿನ ಮೂರೂ ಮುಖ್ಯವಾಗಿ ನೋಡುವುದು ವೈರಸ್ಸಿನ ಮೈಮೇಲಿನ ಹೀಮಾಗ್ಲುಟಿನಿನ್ ವಿರುದ್ಧದ ಪ್ರತಿಕಾಯವನ್ನು. ಕುದುರೆಗೆ ಬಳಸುವ ಸಾಮಾನ್ಯ ಎಲೈಸಾ ನೋಡುವುದು ವೈರಸ್ಸಿನ ಹೊಟ್ಟೆಯೊಳಗಿನ ನ್ಯೂಕ್ಲಿಯೊಪ್ರೋಟೀನ್ ವಿರುದ್ಧದ ಪ್ರತಿಕಾಯವನ್ನು. ಅದು ಎಷ್ಟಿದ್ದರೂ ಕುದುರೆಗೆ ರಕ್ಷಣೆ ಇದೆಯೆಂದು ಹೇಳಲಾಗದು. ಹಾಗಾದರೆ ಏನು ಪ್ರಯೋಜನ? ಆಸ್ಟ್ರೇಲಿಯಾದವರನ್ನು ಕೇಳಬೇಕು. 2007ರ ಆಗಸ್ಟ್‌ವರೆಗೆ ಆ ದೇಶ ಕುದುರೆ ಫ್ಲೂವನ್ನೇ ಕಂಡಿರಲಿಲ್ಲ. ಹೊರದೇಶದಿಂದ ತಂದ ಕುದುರೆಗಳಿದ್ದ ಸಿಡ್ನಿ ಬಳಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರದಿಂದ ವೈರಸ್ ಹೊರಬಿತ್ತು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುಮಾರು 10,000 ಫಾರಂ, ಲಾಯಗಳಿಗೆ ಹಬ್ಬಿತು. ದೇಶದಲ್ಲಿ ಕುದುರೆ ಅಲುಗದಂತೆ ಮಾಡಿದರು. ಲಸಿಕೆಯನ್ನೂ ಹಾಕಬೇಕಾಯಿತು. ಆದರೆ ಲಸಿಕೆ ಹಾಕಿದ ಮೇಲೆ, ಪ್ರತಿಕಾಯ ಕಂಡರೆ ಅದು ಸೂಜಿಯದೋ ಸೋಂಕಿನದೋ ಎಂದು ತಿಳಿಯುವುದು ಹೇಗೆ? ಅವರು ಆರಿಸಿದ್ದು ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ ಮೇಲೆ ಫ್ಲೂವಿನ ಹೀಮಾಗ್ಲುಟಿನಿನ್ ಒಂದನ್ನೇ ಕೂರಿಸಿದ ಲಸಿಕೆ. ಅದರಲ್ಲಿ ನ್ಯೂಕ್ಲಿಯೊಪ್ರೋಟೀನ್ ಇಲ್ಲವೇ ಇಲ್ಲ. ಎಲೈಸಾದಲ್ಲಿ ಪ್ರತಿಕಾಯ ಸಿಕ್ಕಿಬಿತ್ತೆಂದರೆ ಆ ಕುದುರೆಗೆ ನಿಜವಾದ ವೈರಸ್ ತಗುಲಿತ್ತು ಎಂದೇ ಅರ್ಥ. 2007ರ ಡಿಸೆಂಬರ್ ಮುಗಿಯುವಷ್ಟರಲ್ಲಿ ಹೊಸ ಪ್ರಕರಣಗಳು ನಿಂತವು. ರೋಗ ಒಳಗೆ ಬಂದ ಮೇಲೆ ಅದನ್ನು ಇಡಿಯಾಗಿ ಹೊರದಬ್ಬಿದ ದೇಶಗಳು ಬಹಳ ಇಲ್ಲ. ಅಂಕಿಯನ್ನೇ ಕೊಡದ, ಹೌದು ಅಥವಾ ಇಲ್ಲ ಎನ್ನುವ ಪರೀಕ್ಷೆಯೊಂದು ಆ ಕೆಲಸಕ್ಕೆ ಒದಗಿತು. ಅಲ್ಲಿ ಎಸ್‌ಆರ್‌ಎಚ್‌ನ ನಾಜೂಕು ವೃತ್ತ ಹಿಡಿದು ಕೂತಿದ್ದರೆ ಸೋಂಕು, ಸೂಜಿ ಎರಡೂ ಒಂದೇ ಥರ ಕಾಣುತ್ತಿದ್ದವು.

ದೊಡ್ಡ ವೃತ್ತವೂ ಕೈಕೊಟ್ಟದ್ದುಂಟು. 2003ರಲ್ಲಿ ನ್ಯೂಮಾರ್ಕೆಟ್‌ನಲ್ಲೇ, ಅಂದರೆ 150ರ ಗೆರೆ ಎಳೆದ ಊರಿನಲ್ಲೇ, ಲಸಿಕೆ ಪಡೆದ ರೇಸ್ ಕುದುರೆಗಳಿಗೆ ಫ್ಲೂ ಬಂತು. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಲಸಿಕೆ ಪಡೆದ ಕುದುರೆಗಳಲ್ಲೇ ಕಾಣಿಸಿಕೊಂಡು 6 ದಿನ ರೇಸುಗಳನ್ನು ನಿಲ್ಲಿಸಿದರು. ವೈರಸ್ ವರ್ಷ ವರ್ಷವೂ ಮೈಬದಲಿಸುತ್ತದೆ. ಹಳೆಯ ಲಸಿಕೆಯಿಂದ ಹುಟ್ಟಿದ ಪ್ರತಿಕಾಯವನ್ನು ಹಳೆಯ ವೈರಸ್ ಅಂಟಿಸಿದ ಜೆಲ್ಲಿಯಲ್ಲಿ ಅಳೆದರೆ ವೃತ್ತ ಭರ್ಜರಿಯಾಗಿಯೇ ಬರುತ್ತದೆ. ಬಾಗಿಲಿಗೆ ಬಂದ ಹೊಸ ವೈರಸ್ಸಿನ ಜೆಲ್ಲಿಯಲ್ಲಿ ಅದೇ ರಕ್ತಸಾರದ ವೃತ್ತ ಸೊರಗಬಹುದು. ಹಾಗಾಗಿ ಚೀಟಿಯ ಮೇಲೆ ಪರೀಕ್ಷೆಯ ಹೆಸರಿನ ಜೊತೆ ಯಾವ ವೈರಸ್ ಬಳಸಿದರು ಎಂಬುದೂ ಇರಬೇಕು. 2010ರಲ್ಲಿ ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯ ತಜ್ಞರು ಲಸಿಕೆಯಲ್ಲಿ ಫ್ಲಾರಿಡಾ ವಂಶದ ಎರಡೂ ಕವಲು ಇರಲಿ ಎಂದು ಶಿಫಾರಸು ಮಾಡಿದ್ದರ ಹಿಂದೆ ಇದೇ ತಲೆನೋವು. ನಮ್ಮ ಮೈಸೂರು ಸೇರಿದ್ದು ಎರಡನೆಯ ಕವಲಿಗೆ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಆ ಭಾನುವಾರ ನಾನು ಹೇಳಲಿಲ್ಲ. ಕಾಫಿ ಆರಿಹೋಗುತ್ತಿತ್ತು. ಎರಡು ಚೀಟಿಗಳನ್ನೂ ತಿರುಗಿಸಿ, ಮೂಲೆಯ ಇರುವೆ ಸಾಲನ್ನು ಓದಿ ತೋರಿಸಿದೆ. ಸೇರು, ತಕ್ಕಡಿಯ ಮಾತು ಹೇಳಿದೆ. ಲಸಿಕೆಯನ್ನು ಅಂಕಿ ನೋಡಿ ಹಾಕಿಸಬೇಡಿ, ಕ್ಯಾಲೆಂಡರ್ ನೋಡಿ ಹಾಕಿಸಿ ಎಂದೆ. ರೋಗದ ಅನುಮಾನ ಬಂದಾಗ ಮಾತ್ರ ಮೊದಲ ದಿನವೇ ರಕ್ತ ತೆಗೆಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ತೆಗೆಸಿ, ಎರಡನ್ನೂ ಒಂದೇ ಕಡೆ, ಒಂದೇ ದಿನ, ಒಂದೇ ತಟ್ಟೆಯಲ್ಲಿ ನೋಡಿಸಬೇಕು ಎಂದೆ. ಅವರು ತಲೆಯಾಡಿಸಿದರು. "ಹಂಗಾದ್ರೆ ಈ 148ಕ್ಕೆ ಕೊಟ್ಟ ದುಡ್ಡು?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಬಂದರು. ಈ ಸಲ ಕೈಯಲ್ಲಿ ಚೀಟಿ ಇರಲಿಲ್ಲ, ಐಸ್‌ಕ್ರೀಂ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಐಸ್ ತುಂಡುಗಳ ನಡುವೆ, ಐಸು ನೇರ ತಾಗದ ಹಾಗೆ ಬಟ್ಟೆ ಸುತ್ತಿಟ್ಟ ಒಂದು ನಳಿಗೆ. ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಬಾಲ್‌ಪೆನ್ನಿನಲ್ಲಿ ಕುದುರೆಯ ಹೆಸರು, ತಾರೀಕು, "ಕೆಮ್ಮು ಶುರು, ಮೊದಲ ದಿನ" ಎಂದು ಬರೆದಿದ್ದರು.

"ಎರಡನೇದು ಹದಿನೈದು ದಿನಕ್ಕೆ ತರ್ತೀನಿ ಡಾಕ್ಟ್ರೇ. ಅಲ್ಲೀತನಕ ಇದನ್ನ ಯಾರೂ ಮುಟ್ಟಬಾರ್ದು ಅಂತ ಹೇಳಿ."